ಉದ್ದ ಹಿಡಿಯ ನೂಪುಟ್ಟು ಒರಳು: ಒತ್ತುವುದು ಸಲೀಸು, ನಿಲ್ಲಿಸುವುದೇ ಕಷ್ಟ

ನೂಪುಟ್ಟು ಅಂದರೆ ನಮ್ಮ ಕೊಡಗಿನ ಅಕ್ಕಿ ಶಾವಿಗೆ. ಗೋಣಿಕೊಪ್ಪದ ಪಾತ್ರೆ ಅಂಗಡಿಯೊಂದರಲ್ಲಿ ಅದನ್ನು ಒತ್ತುವ ಈ ಒರಳು ತಗೊಂಡು ಮೂರು ತಿಂಗಳಾಯಿತು. 1850 ರೂಪಾಯಿ. ಕಬ್ಬಿಣದ ಸ್ಟ್ಯಾಂಡು, ಸ್ಟೀಲಿನ ಕೊಳವೆ, ತೂತಿನ ಬಿಲ್ಲೆ ಮೂರು.

ಅವ್ವನ ಮಣಿಕಟ್ಟು ನೋವು ನೋಡಲಾಗದೆ ತಗೊಂಡಿದ್ದು. ಮನೆಯಲ್ಲಿದ್ದದ್ದು ತಿರುಗಿಸಿ ಒತ್ತುವ ಹಿತ್ತಾಳೆಯದ್ದು. ಅದರ ಬಲ ಕಮ್ಮಿ ಅಂತಲ್ಲ, ಲೆಕ್ಕ ಹಾಕಿದರೆ ಅದರದ್ದೇ ಜಾಸ್ತಿ: ಹಿಡಿ ಒಂದು ಸುತ್ತು ಬರುವಷ್ಟರಲ್ಲಿ ಕೈ ಅರ್ಧ ಮೀಟರ್ ಓಡಿರುತ್ತದೆ, ಹಿಟ್ಟು ಕೆಳಗಿಳಿಯುವುದು ಮೂರೋ ನಾಲ್ಕೋ ಮಿಲಿಮೀಟರ್. ಆದರೆ ಹಾಕಿದ ಶ್ರಮದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಕ್ರೂ ಮರೆಗಳ ತಿಕ್ಕಾಟಕ್ಕೇ ಹೋಗುತ್ತದೆ. ಒರಳೂ ಜೊತೆಗೇ ತಿರುಗುತ್ತದೆ, ಇನ್ನೊಂದು ಕೈಯಲ್ಲಿ ಅದನ್ನು ಅದುಮಿ ಹಿಡಿಯಬೇಕು. ಅಷ್ಟರಲ್ಲಿ ಬೆಂದ ಉಂಡೆ ಆರಿ ಗಟ್ಟಿಯಾಗಿರುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಂತೂ ಕೇಳಲೇಬೇಡಿ.

ಹೊಸದು ಬರೀ ಸನ್ನೆ (ಲಿವರ್). ಒಂದು ತುದಿಯಲ್ಲಿ ಪಿನ್ನು, ನಡುವೆ ಹಿಟ್ಟು, ಇನ್ನೊಂದು ತುದಿಯಲ್ಲಿ ಕೈ, ನಮ್ಮ ಅಡಕತ್ತರಿಯ ಹಾಗೆಯೇ. ಪಿನ್ನಿನಿಂದ ಕೊಳವೆಗೆ 10 ಸೆಂ.ಮೀ., ಹಿಡಿಯ ತುದಿಗೆ 60. ಅಂದರೆ ಆರು ಪಟ್ಟು. ನಾನು ಎಷ್ಟು ಒತ್ತುತ್ತೇನೆ ನೋಡೋಣ ಅಂತ ತೂಕದ ಮೆಷಿನ್ ಮೇಲೆ ನಿಂತು ಹಿಡಿ ಅದುಮಿದೆ. 62 ಕೆ.ಜಿ. ಇದ್ದದ್ದು 47ಕ್ಕೆ ಇಳಿಯಿತು (ಅವ್ವನಿಗೆ ನಗು). ಕೈಯದ್ದು 15, ಹಿಟ್ಟಿನ ಮೇಲೆ ಬೀಳುವುದು 90. ಸುಮ್ನೆ ಸಿಕ್ಕಿದ್ದಲ್ಲ, ಹಿಟ್ಟು ಒಂದು ಇಂಚು ಇಳಿಯಬೇಕಾದರೆ ಕೈ ಆರು ಇಂಚು ಇಳಿಯಬೇಕು.

ಕೊಳವೆ ಆರಿಸುವಾಗ ಮೋಸ ಹೋಗಬೇಡಿ. ಅಗಲ ಬಾಯಿಯದ್ದೂ ಇತ್ತು, ಒಂದೇ ಸಲಕ್ಕೆ ಎರಡು ಉಂಡೆ ಹಿಡಿಯುತ್ತದೆ ಅಂತ ಅದನ್ನೇ ತೋರಿಸಿದರು. ನಾನು ತಗೊಂಡದ್ದು 6 ಸೆಂ.ಮೀ. ಬಾಯಿಯದ್ದು, ವಿಸ್ತೀರ್ಣ ಸುಮಾರು 28 ಚದರ ಸೆಂ.ಮೀ. ಆ 90 ಕೆ.ಜಿ. ಇಷ್ಟರ ಮೇಲೆ ಹರಡಿದರೆ ಚದರ ಸೆಂ.ಮೀ.ಗೆ 3 ಕೆ.ಜಿ. ಮೀರುತ್ತದೆ, ಕಾರಿನ ಟೈರಿಗೆ ತುಂಬುವ ಗಾಳಿಗಿಂತ ಜಾಸ್ತಿ. 9 ಸೆಂ.ಮೀ. ಬಾಯಿಯದ್ದಾದರೆ ಅದೇ ಬಲ 64 ಚದರ ಸೆಂ.ಮೀ.ಗೆ ಹಂಚಿಹೋಗುತ್ತದೆ, ಒತ್ತಡ ಅರ್ಧಕ್ಕೂ ಕಮ್ಮಿ. ಎಳೆ ಬರಬೇಕಾದರೆ ಹಿಡಿಗೆ ಜೋತು ಬೀಳಬೇಕಷ್ಟೆ.

ಕೊಳವೆಗೂ ಅದರೊಳಗೆ ಇಳಿದು ಹಿಟ್ಟು ಒತ್ತುವ ಗುಂಡಿಗೂ ನಡುವೆ ಸಂದಿ ಇದೆಯಾ ನೋಡಿಕೊಳ್ಳಿ. ಒತ್ತಡ ಕೆಳಗೆ ಮಾತ್ರ ಹೋಗುವುದಿಲ್ಲ, ಎಲ್ಲ ಕಡೆಗೂ ನೂಕುತ್ತದೆ. ಬಿಸಿ ಹಿಟ್ಟು ಸಂದಿಯಲ್ಲಿ ಮೇಲಕ್ಕೆ ಹತ್ತುತ್ತದೆ. ನನ್ನದರಲ್ಲಿ ಸ್ವಲ್ಪ ಹತ್ತುತ್ತದೆ, ಸಹಿಸಿಕೊಳ್ಳಬಹುದು.

ಸಹಿಸಲಾಗದ್ದು ಸ್ಟ್ಯಾಂಡು. ಮೊದಲ ದಿನ ನೆಂಟರು ಬಂದಿದ್ದರು, ಕೋಳಿ ಕರಿ ಒಲೆ ಮೇಲೆ, ನಾನು ದೊಡ್ಡದಾಗಿ ಹಿಡಿ ಒತ್ತಿದೆ, ಇಡೀ ಒರಳು ಮಗುಚಿ ನನ್ನ ಮೇಲೆಯೇ ಬಂತು. ಮುಂದಿನ ಕಾಲು ಪಿನ್ನಿನಿಂದ 25 ಸೆಂ.ಮೀ. ದೂರದಲ್ಲೇ ಮುಗಿದಿದೆ, ಕೈ ಒತ್ತುವುದು 60ರಲ್ಲಿ. ಕಾಲಿನಾಚೆ ಒತ್ತಿದರೆ ಮಗುಚದೆ ಇನ್ನೇನಾಗುತ್ತದೆ? ತೋಟದಲ್ಲಿ ಬಂಡೆ ಎಬ್ಬಿಸಲು ಹಾರೆಯ ಕೆಳಗೆ ಸಣ್ಣ ಕಲ್ಲು ಕೊಡುತ್ತೇವಲ್ಲ, ಇಲ್ಲಿ ಆ ಕಲ್ಲು ಮುಂದಿನ ಕಾಲು, ಎದ್ದ ಬಂಡೆ ಒರಳು. ಅಂಗಡಿಗೆ ಫೋನ್ ಮಾಡಿದರೆ, "ಯಾರಾದರೂ ಹಿಂದಿನ ಕಾಲು ತುಳಿದುಕೊಳ್ಳಲಿ ಅಣ್ಣ" ಎಂದರು!

ಅಜ್ಜಿ ಕಾಲದ ಮರದ ಒರಳಿಗೆ ಯಾಕೆ ಅಷ್ಟುದ್ದ ಹಲಗೆ ಇತ್ತು ಅಂತ ಆಗ ಹೊಳೆಯಿತು. ಎರಡೂವರೆ ಅಡಿಯ ಹಲಸಿನ ಹಲಗೆ ತಂದು, ಹಿಡಿಯ ತುದಿಗಿಂತ ಆಚೆಗೂ ಚಾಚುವ ಹಾಗಿಟ್ಟು, ಸ್ಟ್ಯಾಂಡಿಗೆ ನಾಲ್ಕು ಬೋಲ್ಟ್ ಹಾಕಿಸಿದೆ. 300 ರೂಪಾಯಿ ಹೋಯಿತು. ಈಗ ಅಲುಗಾಡುವುದಿಲ್ಲ, ಅವ್ವ ಒಂದೇ ಕೈಯಲ್ಲಿ ಒತ್ತುತ್ತಾರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಹಲಗೆ ಅವರೇ ಕೊಟ್ಟಿದ್ದರೆ ನಾಲ್ಕೂವರೆ. ಇನ್ನೊಂದು, ಪಿನ್ನಿಗೆ ಕಪ್ಪು ಗ್ರೀಸ್ ಮೆತ್ತಿ ಕೊಡುತ್ತಾರೆ. ಅದನ್ನು ಪೂರ್ತಿ ಒರೆಸಿ ತೆಂಗಿನೆಣ್ಣೆ ಬಿಟ್ಟುಕೊಳ್ಳಿ, ಇಲ್ಲದಿದ್ದರೆ ಮೊದಲ ನೂಪುಟ್ಟಿಗೆ ಗ್ಯಾರೇಜಿನ ವಾಸನೆ.