ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2: ಬೇಸಿಗೆಯ ಮೊದಲ ಹೊಳೆ ಸುತ್ತಾಟಕ್ಕೆ ಇಬ್ಬರ ಕಯಾಕ್

ನಿಧಾನವಾಗಿ ಹರಿಯುವ ಹೊಳೆಯಲ್ಲಿ ಗಂಡ ಹೆಂಡತಿ ಒಂದೆರಡು ಗಂಟೆ ಹುಟ್ಟು ಹಾಕಿ ಬರಬೇಕು, ದೋಣಿ ಕಾರಿನ ಡಿಕ್ಕಿಯಲ್ಲಿ ಹಿಡಿಸಬೇಕು, ವರ್ಷದ ಉಳಿದ ದಿನ ಅಟ್ಟದ ಮೇಲೆ ಇರಬೇಕು. ಇಷ್ಟು ಬಯಸುವವರಿಗೆ ಗಾಳಿ ತುಂಬಿ ಬಳಸುವ ಈ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಧಾರಾಳವಾಗಿ ಸಾಕು. ವೇಗ ಬೇಕೆನ್ನುವವರಿಗೆ, ಬಂಡೆಗಳ ನಡುವೆ ನುಗ್ಗುವ ನೀರಿಗೆ, ಗಾಳಿ ಬೀಸುವ ವಿಶಾಲ ಹಿನ್ನೀರಿಗೆ ಇದು ಹೇಳಿದ್ದಲ್ಲ. ಬೇಸಿಗೆಯ ಮೊದಲ ಸುತ್ತಾಟ ಕೆಡುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ: ದೋಣಿಯೊಳಗಿನ ಗಾಳಿ ಬಿಸಿಲಿಗೆ, ತಣ್ಣೀರಿಗೆ ಹೇಗೆ ಬದಲಾಗುತ್ತದೆ ಎಂಬುದು ಗೊತ್ತಿರುವುದಿಲ್ಲ, ಹೊಳೆಯ ಹರಿವಿನ ಲೆಕ್ಕ ಯಾರೂ ಹಾಕಿರುವುದಿಲ್ಲ. ಸೀಟಿನ ಬಣ್ಣ, ಚೀಲದ ಜಿಪ್ಪಿಗಿಂತ ಇವೆರಡು ಮುಖ್ಯ.

ಗಾಳಿ ತುಂಬಿದಾಗ ದೋಣಿಯ ಉದ್ದ 312 ಸೆಂ.ಮೀ., ಅಗಲ 91, ಎತ್ತರ 51. ತೂಕ ಸುಮಾರು 14 ಕೆ.ಜಿ., ಮಡಚಿದರೆ ಒಬ್ಬರೇ ಹೊತ್ತು ದಡಕ್ಕೆ ಒಯ್ಯಬಹುದು. ಪೆಟ್ಟಿಗೆಯಲ್ಲಿ ಗಾಳಿ ತುಂಬುವ ಎರಡು ಸೀಟು, 84 ಇಂಚಿನ ಎರಡು ಅಲ್ಯೂಮಿನಿಯಂ ಹುಟ್ಟು, ಕೈಪಂಪು, ದೋಣಿಯ ಅಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಸ್ಕೆಗ್ (ದೋಣಿ ನೆಟ್ಟಗೆ ಹೋಗಲು ಬೇಕಾದ ಪುಟ್ಟ ರೆಕ್ಕೆ), ಒಂದು ತೇಪೆ ತುಂಡು ಇರುತ್ತವೆ. ಕಂಪನಿ ಹೇಳುವ ಗರಿಷ್ಠ ಭಾರ 180 ಕೆ.ಜಿ. ಅಷ್ಟು ಹೇರಿದರೆ ದೋಣಿ ಮುಳುಗುವುದಿಲ್ಲ, ಆದರೆ ನೀರಿನಲ್ಲಿ ತಗ್ಗಿ ನಿಂತು ಪ್ರತಿ ಹುಟ್ಟಿಗೂ ಮೊಂಡು ಹಿಡಿಯುತ್ತದೆ. ಮುಕ್ಕಾಲು ಪಾಲು, ಅಂದರೆ 135 ಕೆ.ಜಿ. ಒಳಗೆ ಇಟ್ಟುಕೊಂಡರೆ ನಡೆಸಲು ಹಿತ. ತಲಾ 65 ಕೆ.ಜಿ. ತೂಗುವ ಇಬ್ಬರು, ಜೊತೆಗೆ ನೀರಿನ ಬಾಟಲಿ ಇರುವ ಒಂದು ಸಣ್ಣ ಚೀಲ, ಅಲ್ಲಿಗೆ ಮುಗಿಯಿತು. ಇಬ್ಬರೂ ಎತ್ತರದವರಾದರೆ ಹಿಂದಿನವರ ಮೊಣಕಾಲು ಮಡಚಿಯೇ ಇರಬೇಕಾಗುತ್ತದೆ. ಸೀಟನ್ನು ಹಿಂದೆ ಮುಂದೆ ಸರಿಸಲು ಬರುತ್ತದೆ, ಅದನ್ನು ದಡದಲ್ಲೇ ಕೂತು ನೋಡಿ ಹೊಂದಿಸಿಕೊಳ್ಳಿ. ನೀರಿಗಿಳಿದ ಮೇಲೆ ಸೀಟು ಎಳೆದಾಡಲು ಹೋಗಿಯೇ ಎಷ್ಟೋ ಜನ ಒದ್ದೆಯಾಗುತ್ತಾರೆ.

ಲೈಫ್ ಜಾಕೆಟ್ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಅದನ್ನು ದೋಣಿಯ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ, ಅದಿಲ್ಲದೆ ದೋಣಿ ಕೊಳ್ಳಲೇಬೇಡಿ. ಈಜು ಚೆನ್ನಾಗಿ ಬರುವವರಿಗೆ ದಡದ ಹತ್ತಿರ 50 ನ್ಯೂಟನ್ (ತೇಲಿಸುವ ಬಲದ ಅಳತೆ) ಜಾಕೆಟ್ ಆಗುತ್ತದೆ. ಈಜು ಬಾರದವರಿಗೆ 100 ನ್ಯೂಟನ್ ಇರಲಿ. ಎಲ್ಲಾ ಬಕಲ್ ಬಿಗಿದು, ಇನ್ನೊಬ್ಬರು ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಎತ್ತಬೇಕು. ಜಾಕೆಟ್ ಗಲ್ಲ ದಾಟಿ ಕಿವಿಯವರೆಗೆ ಬಂದರೆ ಅಳತೆ ದೊಡ್ಡದು, ನೀರಿನಲ್ಲಿ ಅದು ತಲೆಯ ಮೇಲಿಂದ ಜಾರಿ ಹೋಗುತ್ತದೆ. ಜಾಕೆಟ್ಟನ್ನು ಸೀಟಿನ ಹಿಂದೆ ತುರುಕಿ ಇಡುವುದರಿಂದ ಏನೂ ಪ್ರಯೋಜನವಿಲ್ಲ, ಮೈಮೇಲೆ ಇರಬೇಕು.

ಗಾಳಿ ತುಂಬುವ ಕೆಲಸ ಕೈಪಂಪಿನಲ್ಲಿ ಹತ್ತು ಹದಿನೈದು ನಿಮಿಷದ್ದು. ಮೊದಲು ಕೆಳಗೆ ಒಂದು ಟಾರ್ಪಾಲು ಹಾಸಿ. ಮುಳ್ಳು, ಗಾಜಿನ ಚೂರು, ಚೂಪು ಕಲ್ಲು ಇಲ್ಲವೆಂದು ಅಂಗೈಯಿಂದ ಸವರಿ ನೋಡಿ. ವಾಲ್ವುಗಳ ಪಕ್ಕದಲ್ಲಿ ಅಂಕಿ ಇರುತ್ತದೆ, ಆ ಕ್ರಮ ತಪ್ಪಿಸಬೇಡಿ. ತಪ್ಪಿದರೆ ಗಾಳಿಯ ಒಂದು ಕೋಣೆ ಇನ್ನೊಂದನ್ನು ಒತ್ತಿ ದೋಣಿ ಸೊಟ್ಟಗೆ ನಿಲ್ಲುತ್ತದೆ. ಎಲ್ಲ ಕೋಣೆಗೂ ಮೊದಲು ಅರ್ಧ ತುಂಬಿ, ಸ್ಕೆಗ್ ಸಿಕ್ಕಿಸಿ, ಆಮೇಲೆ ಪೂರ್ತಿ ಮಾಡಿದರೆ ಸುಲಭ. ದೋಣಿ ಬಿಗಿಯಾದ ಮೇಲೆ ಅದನ್ನು ಮಗುಚಿ ಸ್ಕೆಗ್ ತುರುಕುವುದು ಬೆರಳು ನೋಯಿಸುವ ಕೆಲಸ.

ಪಕ್ಕದ ಕೊಳವೆಗಳಿಗಿರುವುದು ಬೋಸ್ಟನ್ ವಾಲ್ವು. ಇದರಲ್ಲಿ ಒಂದರ ಮೇಲೊಂದು ಎರಡು ಭಾಗವಿದೆ. ಮೇಲಿನ ಸಣ್ಣ ಮುಚ್ಚಳ ತೆಗೆದರೆ ಗಾಳಿ ಒಳಗೆ ಹೋಗುವ ದಾರಿ. ಅದರ ಕೆಳಗೆ ತೆಳುವಾದ ರಬ್ಬರ್ ಪರದೆ ಇದ್ದು, ಪಂಪು ತೆಗೆದ ಕೂಡಲೇ ಒಳಗಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ. ಕೆಳಗಿನ ಅಗಲವಾದ ಬುಡ ತಿರುಗಿಸಿದರೆ ಗಾಳಿ ಒಮ್ಮೆಲೇ ಹೊರಗೆ. ಮೊದಲ ಸಲ ಬಳಸುವವರು ಬುಡವನ್ನೇ ತಿರುಗಿಸಿ, ತುಂಬಿದ ಗಾಳಿ ಕ್ಷಣದಲ್ಲಿ ಹೋಗಿ, ವಾಲ್ವೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ನಿಜವಾದ ಸೋರಿಕೆಗೆ ಕಾರಣ ಬೇರೆ: ರಬ್ಬರ್ ಪರದೆಗೆ ಅಂಟಿದ ಮರಳಿನ ಕಾಳು, ಇಲ್ಲವೇ ಬುಡದ ತಿರುಪಿನ ಮರೆ ಓರೆಯಾಗಿ ಕೂತಿರುವುದು. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತದೆ. ಬುಡ ಬಿಚ್ಚಿ, ಸ್ವಚ್ಛ ನೀರಿನಲ್ಲಿ ತೊಳೆದು, ಮೊದಲು ಎಡಕ್ಕೆ ಅರ್ಧ ಸುತ್ತು ತಿರುಗಿಸಿ ಮರೆ ಕೂತ ಮೇಲೆ ಬಲಕ್ಕೆ ಬಿಗಿಯಬೇಕು.

ಈಗ ಬಿಸಿಲಿನ ವಿಷಯ. ಈ ಬಗೆಯ ಪಿವಿಸಿ ದೋಣಿ ನಿಲ್ಲುವುದು ಬಹಳ ಕಡಿಮೆ ಒತ್ತಡದಲ್ಲಿ, ಸುಮಾರು 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒಳಗೆ. 30 ಡಿಗ್ರಿಯಲ್ಲಿ ತುಂಬಿದ ಗಾಳಿ ದಡದ ಬಿಸಿಲಿಗೆ 50 ಡಿಗ್ರಿ ತಲುಪಿದರೆ ಒತ್ತಡ ಇನ್ನೂ ಸುಮಾರು 1 ಪಿಎಸ್‌ಐ ಏರುವ ಲೆಕ್ಕ, ಅಂದರೆ ದೋಣಿ ತಡೆಯಬೇಕಾದದ್ದರ ಎರಡು ಪಟ್ಟು. ಪಿವಿಸಿ ಸ್ವಲ್ಪ ಹಿಗ್ಗುವುದರಿಂದ ಪೂರ್ತಿ ಅಷ್ಟಾಗುವುದಿಲ್ಲ, ಆದರೂ ಬೆಸುಗೆ ಹರಿಯಲು ಧಾರಾಳ ಸಾಕು. ಗಾಳಿ ತುಂಬಿದ ದೋಣಿಯನ್ನು ಬಿಸಿಲಲ್ಲಿ ಬಿಟ್ಟು ಊಟಕ್ಕೆ ಕೂರಬಾರದು ಎನ್ನುವುದು ಇದಕ್ಕೇ. ನೆರಳಿಗೆ ಎಳೆಯಿರಿ, ಇಲ್ಲವೇ ನೀರಿನಲ್ಲೇ ಕಟ್ಟಿಡಿ, ಎರಡೂ ಆಗದಿದ್ದರೆ ಪ್ರತಿ ಕೋಣೆಯಿಂದ ಸ್ವಲ್ಪ ಗಾಳಿ ಬಿಡಿ.

ನೀರಿಗೆ ಇಳಿಸಿದಾಗ ಇದು ತಿರುಗುಮುರುಗು. 35 ಡಿಗ್ರಿಯ ದಡದಲ್ಲಿ ಬಿಗಿಯಾಗಿ ತುಂಬಿ 20 ಡಿಗ್ರಿಯ ನೀರಿಗೆ ಬಿಟ್ಟರೆ ಒಳಗಿನ ಗಾಳಿ ತಣಿದು ಒತ್ತಡ ಮುಕ್ಕಾಲು ಪಿಎಸ್‌ಐಯಷ್ಟು ಕಡಿಮೆಯಾಗಬಹುದು. ದೋಣಿ ನಡುವಿನಲ್ಲಿ ಬಳುಕುತ್ತದೆ, ತಳ ಮೆತ್ತಗಾಗುತ್ತದೆ, ಜನ ತೂತು ಬಿದ್ದಿದೆ ಎಂದು ಗಾಬರಿಯಾಗುತ್ತಾರೆ. ತೂತಲ್ಲ. ಖಾಲಿ ದೋಣಿಯನ್ನು ಹತ್ತು ನಿಮಿಷ ನೀರಿನಲ್ಲಿ ತೇಲಿಬಿಟ್ಟು, ಆಮೇಲೆ ಮತ್ತೆ ಪಂಪು ಹೊಡೆದು ಬಿಗಿ ಮಾಡಿ ಹತ್ತಿ. ಹೆಬ್ಬೆರಳಿನಿಂದ ಒತ್ತಿದರೆ ಸ್ವಲ್ಪವೇ ತಗ್ಗಬೇಕು. ಈ ಒಂದು ಕೆಲಸ ಮಾಡಿದರೆ ದೋಣಿಯ ನಡೆಯೇ ಬೇರೆ. ಮೆತ್ತಗಿನ ದೋಣಿ ಇಬ್ಬರ ಭಾರಕ್ಕೆ ಬಾಳೆಹಣ್ಣಿನಂತೆ ಬಾಗಿ ನೀರನ್ನು ತಳ್ಳುತ್ತಾ ಹೋಗುತ್ತದೆ.

ಜೊತೆಗೆ ಬರುವ ಹುಟ್ಟುಗಳೇ ಈ ಕಿಟ್ಟಿನ ದುರ್ಬಲ ಭಾಗ. 84 ಇಂಚು ಎಂದರೆ 213 ಸೆಂ.ಮೀ. 91 ಸೆಂ.ಮೀ. ಅಗಲದ ದೋಣಿಗೆ 230ರಿಂದ 240 ಸೆಂ.ಮೀ. ಬೇಕು. ಗಿಡ್ಡ ಹುಟ್ಟನ್ನು ನೀರಿಗೆ ಮುಟ್ಟಿಸಲು ನೆಟ್ಟಗೆ ಎತ್ತಿ ಹಿಡಿಯಬೇಕಾಗುತ್ತದೆ, ಆಗ ಹೆಗಲು ಬೇಗ ಸೋಲುತ್ತದೆ, ಹುಟ್ಟಿನ ದಂಡದ ಗುಂಟ ನೀರು ಇಳಿದು ತೊಡೆಯ ಮೇಲೆ ಸುರಿಯುತ್ತದೆ. ಮೊದಲ ದಿನಕ್ಕೆ ಇವೇ ನಡೆಯುತ್ತವೆ. ಹವ್ಯಾಸ ಮುಂದುವರಿಯುತ್ತದೆ ಎಂದು ಖಾತ್ರಿಯಾದ ಮೇಲೆ ಮೊದಲು ಬದಲಿಸಬೇಕಾದದ್ದು ಹುಟ್ಟು. ಅಲ್ಲಿಯವರೆಗೆ ದೋಣಿಯಲ್ಲಿ ಒಂದು ದೊಡ್ಡ ಸ್ಪಂಜು ಇರಲಿ, ತಳದ ಸಾಲುಗಳಲ್ಲಿ ನಿಲ್ಲುವ ನೀರನ್ನು ಬಟ್ಟೆಗಿಂತ ಅದು ಚೆನ್ನಾಗಿ ಹೀರುತ್ತದೆ.

ಸ್ಕೆಗ್ ಇಲ್ಲದೆ ಹೊರಡಬೇಡಿ. ತಳ ಚಪ್ಪಟೆ, ದೋಣಿ ಗಿಡ್ಡ. ಹಿಂದೆ ಆ ಪುಟ್ಟ ರೆಕ್ಕೆ ಇಲ್ಲದಿದ್ದರೆ ಪ್ರತಿ ಹುಟ್ಟಿಗೂ ಮೂತಿ ಅತ್ತಿತ್ತ ತಿರುಗುತ್ತದೆ. ಮಡಚಿಟ್ಟಾಗ ಸ್ಕೆಗ್ ಬಾಗಿದ್ದರೆ ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಸಮತಟ್ಟಾದ ಜಾಗದಲ್ಲಿ ಒತ್ತಿಟ್ಟರೆ ನೆಟ್ಟಗಾಗುತ್ತದೆ. ಬೇಸಿಗೆಯಲ್ಲಿ ನೀರು ತಗ್ಗಿದ ಕಡೆ ಅದು ತಳಕ್ಕೆ ತಾಗುತ್ತದೆ. ಮೊಣಕಾಲಿಗಿಂತ ಕಡಿಮೆ ನೀರಿರುವಲ್ಲಿ ಇಬ್ಬರೂ ಇಳಿದು ನಡೆಸಿಕೊಂಡು ಹೋಗುವುದೇ ಮೇಲು. ಕೂತುಕೊಂಡೇ ಜಲ್ಲಿಕಲ್ಲಿನ ಮೇಲೆ ಉಜ್ಜಿದರೆ ಮೊದಲು ಸ್ಕೆಗ್ಗಿನ ಬುಡ ಕೀಳುತ್ತದೆ, ಆಮೇಲೆ ತಳ.

ಹೊಳೆಯ ಹರಿವನ್ನು ಅಳೆಯಲು ಯಂತ್ರ ಬೇಡ. ದಡದಲ್ಲಿ 10 ಮೀಟರ್ ಹೆಜ್ಜೆ ಹಾಕಿ ಗುರುತು ಮಾಡಿ, ಮೇಲ್ಗಡೆಯಿಂದ ಒಂದು ಕಡ್ಡಿ ನಡುನೀರಿಗೆ ಎಸೆದು ಗಡಿಯಾರ ನೋಡಿ. 20 ಸೆಕೆಂಡಿನಲ್ಲಿ ದಾಟಿದರೆ ಹರಿವು ಗಂಟೆಗೆ 1.8 ಕಿ.ಮೀ., ಹೊರಡಬಹುದು. 10 ಸೆಕೆಂಡಿನಲ್ಲಿ ದಾಟಿದರೆ 3.6 ಕಿ.ಮೀ., ಆ ದಿನ ಬೇಡ. ಈ ದೋಣಿಯಲ್ಲಿ ಹೊಸಬರಿಬ್ಬರು ನಿಂತ ನೀರಿನಲ್ಲಿ ಆರಾಮಾಗಿ ಹೋಗುವುದು ಗಂಟೆಗೆ 3ರಿಂದ 4 ಕಿ.ಮೀ.; ಹರಿವೂ ಅಷ್ಟೇ ಇದ್ದರೆ ಎಷ್ಟು ಹುಟ್ಟು ಹಾಕಿದರೂ ಇದ್ದಲ್ಲೇ ಇರುತ್ತೀರಿ.

ಅದಕ್ಕೇ ಮೊದಲು ಹರಿವಿಗೆ ಎದುರಾಗಿ ಹೋಗಬೇಕು. ನಿಮ್ಮ ವೇಗ 4, ಹರಿವು 2 ಎಂದಿಟ್ಟುಕೊಳ್ಳಿ. ಎದುರು ಒಂದು ಗಂಟೆ ಹೋದರೆ 2 ಕಿ.ಮೀ. ಆಗುತ್ತದೆ, ವಾಪಸು ಬರಲು 20 ನಿಮಿಷ. ಅದೇ ಹರಿವಿನ ಜೊತೆ ಮೊದಲು ಒಂದು ಗಂಟೆ ಹೋದರೆ 6 ಕಿ.ಮೀ. ದೂರ ಹೋಗಿರುತ್ತೀರಿ, ಹಿಂದಿರುಗಲು ಮೂರು ಗಂಟೆ, ಅದೂ ಮಧ್ಯಾಹ್ನದ ಬಿಸಿಲಲ್ಲಿ, ತೋಳು ಸೋತ ಮೇಲೆ. ಹಗುರವಾದ ಎತ್ತರ ಬದಿಯ ದೋಣಿಯಾದ್ದರಿಂದ ಗಾಳಿಯೂ ಇದನ್ನು ಸುಲಭವಾಗಿ ತಳ್ಳುತ್ತದೆ. ಬೆಳಗ್ಗೆ ಬೇಗ ಇಳಿದು, ಗಾಳಿ ಏಳುವ ಮೊದಲೇ ದಡ ಸೇರುವುದು ಒಳ್ಳೆಯದು.

ಮೇಲ್ಗಡೆ ಅಣೆಕಟ್ಟು ಇದ್ದರೆ ನೀರು ಬಿಡುವ ಸಮಯವನ್ನು ಮೊದಲೇ ವಿಚಾರಿಸಿ. ಮಳೆಯೇ ಇಲ್ಲದ ದಿನವೂ ಮಟ್ಟ ದಿಢೀರನೆ ಏರಬಹುದು, ಆಳದಿಂದ ಬಿಟ್ಟ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಬಿದ್ದರೆ ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೇ ಸಿಗುವುದಿಲ್ಲ, ಆಗ ಮುಖ ನೀರಿನ ಮೇಲಿಡುವುದು ಜಾಕೆಟ್ ಒಂದೇ. ಅಡ್ಡಲಾಗಿ ಕಟ್ಟಿದ ಗಿಡ್ಡ ಒಡ್ಡಿನ ಹತ್ತಿರವೂ ಸುಳಿಯಬಾರದು. ಮೇಲಿನಿಂದ ನೋಡಿದರೆ ನೀರು ಸಣ್ಣಗೆ ಇಳಿಯುವಂತೆ ಕಾಣುತ್ತದೆ, ಕೆಳಗೆ ಅದು ಹಿಂದಕ್ಕೆ ಹೊರಳಿ ಬಿದ್ದದ್ದನ್ನು ಅಲ್ಲೇ ತಿರುಗಿಸುತ್ತಿರುತ್ತದೆ. ನೀರಿಗೆ ಬಿದ್ದ ಮರಗಳೂ ಅಷ್ಟೇ ಅಪಾಯ. ಕೊಂಬೆಗಳ ನಡುವೆ ನೀರು ನುಸುಳಿ ಹೋಗುತ್ತದೆ, ದೋಣಿಯೂ ಮನುಷ್ಯರೂ ಹೋಗುವುದಿಲ್ಲ. ದೂರದಿಂದಲೇ ಇನ್ನೊಂದು ದಡಕ್ಕೆ ಸರಿಯಿರಿ.

ಹತ್ತುವಾಗ ದೋಣಿ ಮೊಣಕಾಲುದ್ದ ನೀರಿನಲ್ಲಿ ಪೂರ್ತಿ ತೇಲುತ್ತಿರಲಿ. ಹಿಂದಿನವರು ಬದಿ ಹಿಡಿದು ನಿಲ್ಲಬೇಕು, ಮುಂದಿನವರು ಮೊದಲು ಸೀಟಿಗೆ ಕೂತು ಆಮೇಲೆ ಕಾಲು ಒಳಗೆ ತೆಗೆದುಕೊಳ್ಳಬೇಕು. ಇಳಿಯುವಾಗ ಕ್ರಮ ಉಲ್ಟಾ. ತೂಕ ಹೆಚ್ಚಿರುವವರು ಹಿಂದೆ ಕೂರಲಿ, ಮೂತಿ ಸ್ವಲ್ಪ ಎದ್ದಿದ್ದರೆ ದೋಣಿ ನೆಟ್ಟಗೆ ಹೋಗುತ್ತದೆ. ಲಯ ಮುಂದಿನವರದು, ದಿಕ್ಕು ಹಿಂದಿನವರದು. ಮುಂದಿನವರಿಗೆ ಹಿಂದಿನವರ ಹುಟ್ಟು ಕಾಣುವುದಿಲ್ಲ, ಆದ್ದರಿಂದ ಹಿಂದಿನವರೇ ನೋಡಿಕೊಂಡು ಅದೇ ಬದಿಗೆ, ಅದೇ ಹೊತ್ತಿಗೆ ಹಾಕಬೇಕು. ಹುಟ್ಟಿಗೆ ಹುಟ್ಟು ಬಡಿಯುವುದು, ಅದರ ಹಿಂದೆಯೇ ಮಾತಿಗೆ ಮಾತು ಬೆಳೆಯುವುದು ಈ ಹೊಂದಾಣಿಕೆ ತಪ್ಪಿದಾಗ. ಮುಂದಿನವರು ಸುಸ್ತಾಗಿ ವೇಗ ತಗ್ಗಿಸಿದರೆ ಹಿಂದಿನವರೂ ತಗ್ಗಿಸಬೇಕು.

ಅಗಲವಾಗಿರುವುದರಿಂದ ಈ ದೋಣಿ ಸುಲಭಕ್ಕೆ ಮಗುಚುವುದಿಲ್ಲ, ಇದರ ದೊಡ್ಡ ಗುಣ ಇದೇ. ಆದರೂ ಎದೆಮಟ್ಟದ ನಿಂತ ನೀರಿನಲ್ಲಿ ಒಮ್ಮೆ ಬೇಕೆಂದೇ ಮಗುಚಿ ನೋಡಿ. ದೋಣಿಯನ್ನು ನೆಟ್ಟಗೆ ಮಾಡಿ ಮತ್ತೆ ಹತ್ತುವಾಗ ಒಬ್ಬರು ಒಂದು ಬದಿ ಹಿಡಿದು ತೂಗಬೇಕು, ಇನ್ನೊಬ್ಬರು ಎದುರು ಬದಿಯ ನಡುಭಾಗದಿಂದ ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಏರಬೇಕು. ಉದ್ದ ಹಗ್ಗದಿಂದ ಚೀಲ ಕಟ್ಟಿದ್ದರೆ ಅದು ಕಾಲಿಗೆ ಸುತ್ತಿಕೊಳ್ಳುತ್ತದೆ. ಚೀಲವನ್ನು ಒತ್ತಾಗಿ ಕಟ್ಟಿ, ಮನುಷ್ಯರನ್ನು ಎಂದೂ ದೋಣಿಗೆ ಕಟ್ಟಬೇಡಿ.

ಇದೇ ಕಂಪನಿಯ ಚಾಲೆಂಜರ್ ಕೆ2 ಜೊತೆ ತೂಗಿ ನೋಡುವವರು ಬಹಳ. ಅದು 351 ಸೆಂ.ಮೀ. ಉದ್ದ, 76 ಸೆಂ.ಮೀ. ಅಗಲ, ನೀರು ಸೀಳುತ್ತಾ ನೆಟ್ಟಗೆ ಹೋಗುತ್ತದೆ, ಆದರೆ ಒಳಗೆ ಇಕ್ಕಟ್ಟು, ಹೊಸಬರಿಗೆ ಅಲುಗಾಟ ಜಾಸ್ತಿ. ಇಬ್ಬರಲ್ಲಿ ಒಬ್ಬರಿಗಾದರೂ ನೀರಿನ ಭಯವಿದ್ದರೆ ಎಕ್ಸ್‌ಪ್ಲೋರರ್ ತೆಗೆದುಕೊಳ್ಳಿ. ಇಬ್ಬರಿಗೂ ಹುಟ್ಟು ಹಾಕಿ ಅಭ್ಯಾಸವಿದ್ದರೆ ಚಾಲೆಂಜರ್.

ಮನೆಗೆ ಬಂದ ಮೇಲೆ ದೋಣಿಯನ್ನು ಒದ್ದೆಯಾಗಿ ಮಡಚಿಡಬಾರದು. ಅರ್ಧ ಗಾಳಿ ತುಂಬಿ ನೆರಳಿನಲ್ಲಿ ನಿಲ್ಲಿಸಿ, ತಳದ ಸಾಲುಗಳನ್ನೂ ಸೀಟಿನ ಅಡಿಯನ್ನೂ ಒಣ ಬಟ್ಟೆಯಿಂದ ಒರೆಸಿ. ಬೂಷ್ಟು ಹಿಡಿಯುವುದು ಅಲ್ಲೇ. ಇಲಿ ಓಡಾಡುವ ಜಾಗದಲ್ಲಿ ಇಡಬೇಡಿ. ತೂತಾಗಿದ್ದರೆ ಗಾಳಿ ಪೂರ್ತಿ ತೆಗೆದು, ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿ, ಚೂಪು ಮೂಲೆ ಬೇಗ ಏಳುತ್ತದೆ. ತೂತಿನ ಸುತ್ತ 2 ಸೆಂ.ಮೀ. ಆದರೂ ಆವರಿಸಲಿ. ಪಿವಿಸಿಗೆಂದೇ ಬರುವ ಅಂಟು ಹಚ್ಚಿ, ಮೇಲೆ ಭಾರ ಇಟ್ಟು 24 ಗಂಟೆ ಬಿಡಿ. ಹೊಳೆಯ ದಡದಲ್ಲಿ ಅವಸರಕ್ಕೆ ಹಚ್ಚಿದ ತೇಪೆಯನ್ನು ನಂಬಿ ಮತ್ತೆ ನೀರಿಗೆ ಇಳಿಯಬೇಡಿ.