ಮಗುವಿನ ಕ್ರೋಶೆ ಸ್ವೆಟರ್‌ಗೆ ಯಾವ ನೂಲು: ಕಾಟನ್, ಅಕ್ರಿಲಿಕ್, ಮೆರಿನೋ?

ಮಗುವಿಗೆ ಕ್ರೋಶೆ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ಹೆಣೆದ ಸ್ವೆಟರ್ ಉಡುಗೊರೆ ಕೊಡಬೇಕು, ಯಾವ ನೂಲು ತಗೊಳ್ಳಲಿ ಅಂತ ಕೇಳಿದ್ದೀರಿ. ಮೊದಲು ಅದನ್ನು ಒಗೆಯೋದು ಯಾರು ಅಂತ ಯೋಚಿಸಿ. ಹಾಲು, ಜೊಲ್ಲು ದಿನಾ ತಾಗುವ ಬಟ್ಟೆ ಅಲ್ವಾ?

ಅಕ್ರಿಲಿಕ್ ಕೃತಕ ನೂಲು. ಅಗ್ಗ, ಮೆಷಿನ್‌ಗೆ ಹಾಕಬಹುದು, ಬೇಗ ಒಣಗುತ್ತದೆ. ಬೆವರು ಮಾತ್ರ ಹೀರುವುದಿಲ್ಲ. ಬಿಸಿ ಇಸ್ತ್ರಿ ಇಟ್ಟರೆ ಹೆಣಿಗೆಯ ಉಬ್ಬೆಲ್ಲ ಚಪ್ಪಟೆ, ಮತ್ತೆ ಸರಿಯಾಗುವುದಿಲ್ಲ.

ಕಾಟನ್ ಬೆವರು ಹೀರುತ್ತದೆ, ಸೆಕೆಯಲ್ಲೂ ಹಿತ. ತೊಂದರೆ ಇರುವುದು ಅದರ ಭಾರದಲ್ಲಿ. ಒದ್ದೆ ಸ್ವೆಟರನ್ನು ಹ್ಯಾಂಗರ್‌ಗೆ ಹಾಕಿದರೆ ತೋಳು ಜೋತುಬಿದ್ದು ಉದ್ದವಾಗುತ್ತದೆ. ಹಾಸಿಯೇ ಒಣಗಿಸಬೇಕು. ನೂಲು ಹಿಗ್ಗುವುದೂ ಕಡಿಮೆ, ಹಾಗಾಗಿ ಹೊಸಬರ ಕೈ ಬೇಗ ನೋಯುತ್ತದೆ.

ಮೆರಿನೋ ಅಂದರೆ ಒಂದು ತಳಿಯ ಕುರಿಯ ನಯವಾದ ಉಣ್ಣೆ. ಹಗುರ, ಬೆಚ್ಚಗೆ. ದುಡ್ಡು ಜಾಸ್ತಿ. ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ದಪ್ಪಗಾಗುತ್ತದೆ. ಲೇಬಲ್ ಮೇಲೆ ‘ಸೂಪರ್‌ವಾಶ್’ (ಒಗೆದರೆ ಹಾಗೆ ಕುಗ್ಗದಂತೆ ಸಂಸ್ಕರಿಸಿದ್ದು) ಅಂತಿದ್ದರೆ ಅಷ್ಟು ಭಯವಿಲ್ಲ.

ಪುರುಸೊತ್ತಿಲ್ಲದ ಅಪ್ಪ ಅಮ್ಮನಿಗೆ ಕೊಡೋದಾದರೆ ನಾನು ಅಕ್ರಿಲಿಕ್ ಅನ್ನುತ್ತೇನೆ, ಮೂಗು ಮುರಿಯುವವರು ಮುರಿಯಲಿ. ಬೇಸಿಗೆಯ ಮಗುವಿಗೆ, ಬಿಬ್‌ಗೆ ಕಾಟನ್. ಚಳಿಯಿದ್ದು, ಕೈಯಲ್ಲಿ ಒಗೆಯುವ ತಾಳ್ಮೆಯೂ ಇದ್ದರೆ ಮೆರಿನೋ. ನೂಲು ಯಾವುದೇ ಇರಲಿ, ಜಾಲರಿಯಂಥ ಹೆಣಿಗೆ ಬೇಡ. ಪುಟ್ಟ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಗುಂಡಿಗಿಂತ ದಾರದ ಗಂಟು ವಾಸಿ ಅನ್ನುತ್ತಾರೆ, ಆದರೆ ಕತ್ತಿನ ಹತ್ತಿರ ಉದ್ದ ದಾರವೂ ಅಪಾಯವೇ.

ಹಬ್ಬಕ್ಕೆ ದೊಡ್ಡವರಿಗೂ ಏನಾದರೂ ಹೆಣೆಯುವುದಿದ್ದರೆ, ಸ್ಕಾರ್ಫ್‌ಗೆ ಮೂರೂ ನಡೆಯುತ್ತವೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆಗೆ ಮಾತ್ರ ಅಕ್ರಿಲಿಕ್ ಬೇಡವೇ ಬೇಡ. ಶಾಖಕ್ಕೆ ಕರಗುತ್ತದೆ. ಅಲ್ಲಿಗೆ ದಪ್ಪ ಕಾಟನ್ ತಗೊಳ್ಳಿ.