ವಿಭೂತಿ ತಿಂದ ರೂಪಾಯಿಗೆ ಯಾರು ಎಷ್ಟು ಅಂಕ ಕೊಟ್ಟರು

ನಮ್ಮಜ್ಜ ಸಕಲೇಶಪುರದ ಕಡೆಯಿಂದ ಹಾಸನಕ್ಕೆ ಏಲಕ್ಕಿ ತಂದು ಮಾರಿದಾಗಲೆಲ್ಲ ಒಂದೆರಡು ರೂಪಾಯಿ ನಾಣ್ಯ ಉಳಿಸಿ ಬಟ್ಟೆಗಂಟಿಗೆ ಹಾಕುತ್ತಿದ್ದರಂತೆ. ಆ ಗಂಟು ಹೋದ ವರ್ಷ ನನ್ನ ಪಾಲಿಗೆ ಬಂತು. 1944, 1945ರ ಬೆಳ್ಳಿ ರೂಪಾಯಿಗಳು, ಹಿಂಬದಿಯಲ್ಲಿ ಹುಲಿ ಇರುವ 1947ರ ಹುಲಿ ರೂಪಾಯಿ ಐದು, ವಿಕ್ಟೋರಿಯಾ ರಾಣಿಯದು ಒಂದು, ತಳದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸು. ಮಾರುವ ಯೋಚನೆ ಇರಲಿಲ್ಲ. ಇವು ಎಷ್ಟು ಚೆನ್ನಾಗಿ ಉಳಿದಿವೆ ಅಂತ ಬಲ್ಲವರ ಬಾಯಲ್ಲಿ ಕೇಳುವ ಚಪಲ, ಅಷ್ಟೆ.

ಮೊದಲು ಹೋಗಿದ್ದು ಪೇಟೆಯ ಸರಾಫರ ಅಂಗಡಿಗೆ. ಅವರು 1944ರದ್ದನ್ನು ತಕ್ಕಡಿಗೆ ಹಾಕಿದರು. 11.66 ಗ್ರಾಂ ಇರಬೇಕಾದ್ದು, ಸ್ವಲ್ಪ ಸವೆದಿತ್ತು. ‘ಯುದ್ಧದ ಕಾಲದ್ದು ಸಾರ್, ಅರ್ಧ ಬೆಳ್ಳಿ’ ಎಂದರು. ಸರಿಯಾಗೇ ಹೇಳಿದರು: 1939ರವರೆಗೆ ರೂಪಾಯಿಯಲ್ಲಿ ನೂರಕ್ಕೆ 91ಕ್ಕಿಂತ ಹೆಚ್ಚು ಬೆಳ್ಳಿ ಇತ್ತು, 1940ರಿಂದ ಅದು ಅರ್ಧಕ್ಕೆ ಇಳಿಯಿತು. ಹುಲಿ ರೂಪಾಯಿಗೆ ಆಯಸ್ಕಾಂತ ಹಿಡಿದರು, ಟಕ್ಕನೆ ಅಂಟಿತು. ನಿಕ್ಕಲ್ ಅಂತ ಪಕ್ಕಕ್ಕೆ ತಳ್ಳಿದರು. ಅವರಿಗೆ ಲೋಹ ಮುಖ್ಯ, ನನಗೆ ಮುಖ ಮುಖ್ಯ. ಆದರೆ ಒಂದು ರೂಪಾಯಿ ಫೀ ಇಲ್ಲದೆ, ಕಾಫಿ ಕುಡಿಸಿ ಇಷ್ಟು ಹೇಳಿದವರು ಅವರೊಬ್ಬರೇ.

ನಾಣ್ಯ ಎಷ್ಟು ಚೆನ್ನಾಗಿ ಉಳಿದಿದೆ ಅಂತ ಅಳೆಯುವುದಕ್ಕೆ ಗ್ರೇಡಿಂಗ್ ಅನ್ನುತ್ತಾರೆ, ಅಂದರೆ 1ರಿಂದ 70ರವರೆಗಿನ ಅಂಕ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬಾತ ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗೆ ಮಾಡಿದ ಲೆಕ್ಕ, ಈಗ ಎಲ್ಲ ದೇಶದ ನಾಣ್ಯಕ್ಕೂ ಅದೇ. ಕೈ ಬದಲಾಗದ ನಾಣ್ಯಕ್ಕೆ 60ರಿಂದ ಮೇಲೆ, ಆ ಅಂಕದ ಮುಂದೆ ‘ಎಂಎಸ್’ (ಮಿಂಟ್ ಸ್ಟೇಟ್, ಟಂಕಸಾಲೆಯಿಂದ ಬಂದ ಹಾಗೇ) ಅಂತ ಇರುತ್ತದೆ. ಅಂಕ ಕೊಟ್ಟು, ನಾಣ್ಯವನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕಳಿಸುತ್ತಾರೆ. ಈ ಡಬ್ಬಿಗೆ ಸಂಗ್ರಾಹಕರು ‘ಸ್ಲ್ಯಾಬ್’ ಅನ್ನುತ್ತಾರೆ.

ಅಂಕಕ್ಕಾಗಿ ನಾಣ್ಯವನ್ನು ಹೊರದೇಶಕ್ಕೆ ಕಳಿಸುವ ಮುಂಚೆ ಒಂದು ವಿಷಯ. ನೂರು ವರ್ಷ ದಾಟಿದ ನಾಣ್ಯ ನಮ್ಮ ಕಾನೂನಿನಲ್ಲಿ ಪ್ರಾಚ್ಯವಸ್ತು. 1972ರ ಕಾಯ್ದೆ ಪ್ರಕಾರ ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಹಾಗಾಗಿ ವಿಕ್ಟೋರಿಯಾ ರಾಣಿ, ಮಯಿಲಿ ಕಾಸು ಎರಡಕ್ಕೂ ಇಲ್ಲಿನದೇ ಗತಿ.

ಇಲ್ಲಿನ ಒಂದು ಗ್ರೇಡಿಂಗ್ ಸೇವೆಗೆ ಅವೆರಡರ ಜೊತೆ 1944ರದ್ದನ್ನೂ ಕಳಿಸಿದೆ. ಮೂರು ವಾರದಲ್ಲಿ ವಾಪಸ್ ಬಂತು, ಖರ್ಚೂ ಕಡಿಮೆ. ಮಯಿಲಿ ಕಾಸಿನ ಸವೆದ ಕನ್ನಡ ಅಕ್ಷರ ಓದಿ ಚೀಟಿಯಲ್ಲಿ ಸರಿಯಾಗಿ ಗುರುತಿಸಿದ್ದರು, ಅದಕ್ಕೆ ಮೆಚ್ಚುಗೆ. ಆದರೆ 1944ರ ಡಬ್ಬಿಯ ಚೀಟಿಯಲ್ಲಿ 1945 ಅಂತ ಅಚ್ಚಾಗಿತ್ತು. ಫೋನ್ ಮಾಡಿದರೆ ‘ಮತ್ತೆ ಕಳಿಸಿ’ ಎಂದರು, ಕೊರಿಯರ್ ಖರ್ಚು ನನ್ನದಂತೆ! ಅದೇ ನಾಣ್ಯಕ್ಕೆ ಎಂಎಸ್ 62 ಬೇರೆ ಕೊಟ್ಟಿದ್ದರು. ನನಗೇ ನಂಬಿಕೆ ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಉಳಿದದ್ದು ಅಮೆರಿಕದ ಎರಡು ದೊಡ್ಡ ಗ್ರೇಡಿಂಗ್ ಸಂಸ್ಥೆಗಳು. ಕ್ಯಾಲಿಫೋರ್ನಿಯಾದ ಪಿಸಿಜಿಎಸ್ ಶುರುವಾಗಿದ್ದು 1986ರಲ್ಲಿ, ಫ್ಲಾರಿಡಾದ ಎನ್‌ಜಿಸಿ 1987ರಲ್ಲಿ. ಇವೆರಡಕ್ಕಿಂತ ಹಳೆಯದು ಎಎನ್‌ಎಸಿಎಸ್, 1972ರದ್ದು, ಅದನ್ನು ನಾನು ನೋಡಿಲ್ಲ. ಬೆಂಗಳೂರಿನ ಏಜೆಂಟರ ಮೂಲಕ ಎರಡಕ್ಕೂ ಒಂದೊಂದು ಹುಲಿ ರೂಪಾಯಿ, ಒಂದೊಂದು 1945ರ ಬೆಳ್ಳಿ ರೂಪಾಯಿ ಕಳಿಸಿದೆ. ಬರಲು ನಾಲ್ಕು ತಿಂಗಳ ಮೇಲಾಯಿತು. ಏಜೆಂಟರ ಫೀ, ವಿಮೆ, ಕೊರಿಯರು ಸೇರಿಸಿದರೆ ನಾಣ್ಯದ ಬೆಲೆಗಿಂತ ಡಬ್ಬಿಯ ಬೆಲೆಯೇ ಜಾಸ್ತಿ.

ಹುಲಿಗಳಿಗೆ ಎನ್‌ಜಿಸಿಯವರು ಎಂಎಸ್ 63, ಪಿಸಿಜಿಎಸ್‌ನವರು ಎಂಎಸ್ 62 ಕೊಟ್ಟರು. ಒಂದೇ ಗಂಟಿನವಾದರೂ ಒಂದೇ ನಾಣ್ಯವಲ್ಲವಲ್ಲ, ಆ ಒಂದು ಅಂಕದಿಂದ ಯಾರು ಬಿಗಿ ಯಾರು ಸಡಿಲ ಅಂತ ತೀರ್ಮಾನಿಸಲಾಗದು. ಡಬ್ಬಿಯ ವಿಚಾರಕ್ಕೆ ಬಂದರೆ ನನ್ನ ಓಟು ಎನ್‌ಜಿಸಿಗೆ. ನಾಣ್ಯವನ್ನು ನಾಲ್ಕು ಕಡೆ ಸಣ್ಣ ಹಲ್ಲುಗಳು ಹಿಡಿದಿರುತ್ತವೆ, ಹಾಗಾಗಿ ಅಂಚು ಕಾಣುತ್ತದೆ. ಯುದ್ಧಕಾಲದ ಬೆಳ್ಳಿ ರೂಪಾಯಿಯ ಅಂಚಿನಲ್ಲಿ ಖೋಟಾ ತಡೆಯಲೆಂದು ಕೊರೆದ ಗೆರೆಯೊಂದು ಓಡುತ್ತದೆ, ಅದನ್ನು ನೋಡುವುದೇ ಒಂದು ಸಂತೋಷ. ಪಿಸಿಜಿಎಸ್ ಡಬ್ಬಿಯ ಒಳಗೆ ಚಿಪ್ ಇದೆ. ಮೊಬೈಲ್ ಹತ್ತಿರ ಹಿಡಿದರೆ ಅಸಲಿಯೋ ನಕಲಿಯೋ ಅಂತ ಅವರ ಆ್ಯಪೇ ಹೇಳುತ್ತದೆ. ಮಾರುವವರಿಗೆ ಅದು ಉಪಯೋಗ.

ಬೆಳ್ಳಿ ರೂಪಾಯಿಗಳಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ಅಂಕವೇ ಇಲ್ಲ. ಎನ್‌ಜಿಸಿ ಚೀಟಿಯಲ್ಲಿ ‘ಡೀಟೇಲ್ಸ್, ಕ್ಲೀನ್ಡ್’, ಪಿಸಿಜಿಎಸ್‌ನದರಲ್ಲೂ ‘ಕ್ಲೀನ್ಡ್’ ಅಂತಲೇ ಷರಾ. ಅಂದರೆ ನಾಣ್ಯ ಅಸಲಿ, ಆದರೆ ಯಾರೋ ತಿಕ್ಕಿದ್ದಾರೆ.

ಯಾರೋ ಅಲ್ಲ, ಅವ್ವ. ಪ್ರತಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೇವರ ತಟ್ಟೆಯ ಬೆಳ್ಳಿ ರೂಪಾಯಿಗಳನ್ನೆಲ್ಲ ವಿಭೂತಿ ಹಚ್ಚಿ ಬೆಳಗುತ್ತಾರೆ. ಬರಿಗಣ್ಣಿಗೆ ಫಳಫಳ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿದರೆ ಆರನೇ ಜಾರ್ಜ್ ದೊರೆಯ ಕೆನ್ನೆ ಮೇಲೆ ಕೂದಲೆಳೆಯಂಥ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ. ತಿಕ್ಕದ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿ ತಿರುಗಿಸಿದರೆ ಹೊಳಪು ಗಾಡಿಚಕ್ರದ ಅರೆಗಳ ಹಾಗೆ ಸುತ್ತುತ್ತದೆ. ಇವು ಸುತ್ತುವುದಿಲ್ಲ, ಸುಮ್ಮನೆ ಬೆಳ್ಳಗಿರುತ್ತವೆ. 1944ರದ್ದೂ ಅದೇ ತಟ್ಟೆಯದು. ಇಲ್ಲಿನವರ ಎಂಎಸ್ 62 ಮೇಲೆ ನನಗೆ ಅನುಮಾನ ಅದಕ್ಕೇ.

ನಮ್ಮ ಕಡೆಯ ಮಳೆಗಾಲ ಇನ್ನೊಂದು ಕಾಟ. ಮೆತ್ತನೆ ಪ್ಲಾಸ್ಟಿಕ್ ಜೇಬಿನಲ್ಲಿಟ್ಟಿದ್ದ ಒಂದು ಹುಲಿಗೆ ಹಸಿರು ಜಿಡ್ಡು ಹತ್ತಿತ್ತು. ಕಳಿಸುವ ಮುಂಚೆ ಲ್ಯಾಬ್ ಸಾಮಾನಿನ ಅಂಗಡಿಯಿಂದ ಶುದ್ಧ ಅಸಿಟೋನ್ ತಂದು, ಕಿಟಕಿ ತೆರೆದು, ಗಾಜಿನ ಬಟ್ಟಲಲ್ಲಿ ಅದ್ದಿಟ್ಟೆ. ತಿಕ್ಕಲಿಲ್ಲ, ಒರೆಸಲಿಲ್ಲ. ಅದು ಲೋಹವನ್ನು ಮುಟ್ಟುವುದಿಲ್ಲ, ಜಿಡ್ಡನ್ನಷ್ಟೇ ಬಿಡಿಸುತ್ತದೆ. 63 ಬಂದದ್ದು ಆ ಹುಲಿಗೇ!

ಉಳಿದ ಮೂರು ಹುಲಿಗಳಲ್ಲಿ ಚೆನ್ನಾಗಿರುವ ಒಂದನ್ನು ಮಳೆ ನಿಂತ ಮೇಲೆ ಎನ್‌ಜಿಸಿಗೇ ಕಳಿಸುತ್ತೇನೆ. ಡಬ್ಬಿಗೆ ಹೋಗದ ಬೆಳ್ಳಿಯವು ದೇವರ ತಟ್ಟೆಗೆ ವಾಪಸಾದವು. ಇನ್ನು ಅವಕ್ಕೆ ವಿಭೂತಿ ಬೇಡ ಅಂತ ಅವ್ವನಿಗೆ ನಾನೇನೂ ಹೇಳಿಲ್ಲ.